ಫಿರಂಗಿಯೇ ನಾಯಕನಾದ ಕಥೆ



ಕಾದಂಬರಿಗೆ ಒಬ್ಬ ನಾಯಕನಿರಬೇಕೆಂಬುದು ವಾಡಿಕೆ. ಆದರೆ ಸಿ. ಎಸ್. ಫಾರೆಸ್ಟರ್ ಎಂಬ ಆಂಗ್ಲ ಲೇಖಕನು 1933ರಲ್ಲಿ ಪ್ರಕಟಿಸಿದ 'ದಿ ಗನ್' ಎಂಬ ಗ್ರಂಥದಲ್ಲಿ ಆ ಪದವಿ ಸಂದಿರುವುದು ಒಂದು ಕಂಚಿನ ಫಿರಂಗಿಗೆ. ಅದರ ವಿಷಯವಾಗಿ ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

1808ರಲ್ಲಿ ನೆಪೋಲಿಯನ್ನನು ತನ್ನ ಅಣ್ಣ ಜೋಸೆಫನನ್ನು ಸ್ಪೇನಿನ ಸಿಂಹಾಸನದಲ್ಲಿ ಕೂರಿಸಿದನು. ಪ್ರಜೆಗಳು ಒಪ್ಪದೆ ತಿರುಗಿಬಿದ್ದರು. ಆ ವರ್ಷ ನವೆಂಬರಿನಲ್ಲಿ ಎಸ್ಪಿನೋಸಾ ಎಂಬಲ್ಲಿ ಸ್ಪೇನಿನ ಸೈನ್ಯವು ಸೋತಿತು. ಓಡುವ ಸೈನಿಕರು ಬೆಟ್ಟದ ದಾರಿಯಲ್ಲಿ ಎಳೆಯಲಾರದೆ, ಹದಿನೆಂಟು ಪೌಂಡು ತೂಕದ ಗುಂಡನ್ನು ಹಾರಿಸುವ ಫಿರಂಗಿಯೊಂದನ್ನು ಬಿಟ್ಟುಹೋದರು. ಕಥೆಯು ಇಲ್ಲಿಂದ ಮೊದಲಾಗುತ್ತದೆ. ಬಹುಕಾಲ ಮರೆಯಲ್ಲಿದ್ದ ಅದನ್ನು ಗೆರಿಲ್ಲ ದಳದವರು ಹೊರತೆಗೆಯುತ್ತಾರೆ.

ಗೆರಿಲ್ಲ ಎಂದರೆ ಸ್ಪೇನಿನ ಭಾಷೆಯಲ್ಲಿ ಕಿರುಗಾಳಗ. ಹೊರೆಯಿಲ್ಲದಿರುವುದೇ ಅದರ ಬಲ: ಕಣಿವೆಯಲ್ಲಿ ಎರಗುವುದು, ಬೆಟ್ಟದಲ್ಲಿ ಮರೆಯಾಗುವುದು. ಆದರೆ ಕಲ್ಲುಗೋಡೆಯ ಹಿಂದೆ ಕುಳಿತ ಫ್ರೆಂಚ್ ಕಾವಲುಪಡೆಗೆ ಬರಿಯ ಕೋವಿಯಿಂದ ಏನಾದೀತು? ಫಿರಂಗಿಯು ಆ ಗೋಡೆಯನ್ನು ಒಡೆಯುತ್ತದೆ. ಚದರಿದ್ದ ಜನ ಅದರ ಸುತ್ತ ಸೇರಿ ದಳವು ಸೈನ್ಯವಾಗುತ್ತದೆ. ಒಡನೆಯೇ ಎಳೆಯುವ ಪಶುಗಳು, ಮದ್ದು, ಗುಂಡು, ದಾರಿ ಎಲ್ಲವೂ ಬೇಕಾಗುತ್ತವೆ. ನಿನ್ನೆ ಗಾಳಿಯಂತೆ ಓಡುತ್ತಿದ್ದವರು ಇಂದು ಅದನ್ನು ಬಿಟ್ಟು ಓಡಲಾರರು. ನಾಯಕರು ಒಬ್ಬರಾದ ಮೇಲೊಬ್ಬರು ಬದಲಾಗುತ್ತಾರೆ; ಫಿರಂಗಿ ಮಾತ್ರ ಮುಂದೆ ಸಾಗುತ್ತದೆ.

ಈ ಯುದ್ಧದಲ್ಲಿ ಆಂಗ್ಲಸೇನೆಯನ್ನು ನಡೆಸಿದ ವೆಲ್ಲಿಂಗ್ಟನ್ನನು ನಮ್ಮ ನಾಡಿಗೆ ಅಪರಿಚಿತನಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಆತನು. ಮರುವರ್ಷ ಧೋಂಡಿಯಾ ವಾಘನ ಹಗುರವಾದ ಕುದುರೆಪಡೆಯನ್ನು ಬೆನ್ನಟ್ಟಿ ಆತನು ತಿಂಗಳುಗಟ್ಟಲೆ ಅಲೆದನು. ಇಂತಹ ವೈರಿಯನ್ನು ಹಿಡಿಯುವ ಕಷ್ಟವನ್ನು ಇಲ್ಲಿ ಉಂಡವನಿಗೆ, ಸ್ಪೇನಿನಲ್ಲಿ ಅಂತಹವರೇ ಮಿತ್ರರಾಗಿ ದೊರೆತರು. ಎರಡು ಲಕ್ಷಕ್ಕೂ ಮಿಗಿಲಾದ ಫ್ರೆಂಚ್ ಸೈನಿಕರು ದೇಶದಲ್ಲಿದ್ದರೂ, ದಾರಿ ಊರುಗಳನ್ನು ಕಾಯುವುದರಲ್ಲೇ ಹಂಚಿಹೋಗಿ, ಆತನ ಮೇಲೆ ಒಟ್ಟಾಗಿ ಬೀಳಲಾರದೆ ಹೋದರು.

ಫಾರೆಸ್ಟರನು ಯುದ್ಧದ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ. ಯಾರನ್ನೂ ದೇವರನ್ನಾಗಿಯೂ ಮಾಡುವುದಿಲ್ಲ. ಆಯುಧವನ್ನು ಪಡೆದವನು ಅದರ ಒಡೆಯನೋ ಆಳೋ ಎಂಬ ಪ್ರಶ್ನೆಯನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತಾನೆ. ಕಂಚಿನ ಕಾಲ ಕಳೆದು ಅಣುವಿನ ಕಾಲ ಬಂದ ಮೇಲೆ ಆ ಪ್ರಶ್ನೆಯ ಭಾರವು ಹೆಚ್ಚಿದೆಯೇ ಹೊರತು ತಗ್ಗಿಲ್ಲವೆಂದು ನಾವು ಭಾವಿಸುತ್ತೇವೆ.