ಹುಡುಕಿಕೊಂಡು ಹೋದವರು

ಲಾಸ್ ಏಂಜಲೀಸ್‌ನ ಹೈಸ್ಕೂಲೊಂದರ ಪ್ರಿನ್ಸಿಪಾಲರಾಗಿದ್ದ ಎಥೆಲ್ ಪರ್ಸಿ ಆಂಡ್ರಸ್ 1944ರಲ್ಲಿ ನಿವೃತ್ತರಾದರು. ಬಳಿಕ ಕ್ಯಾಲಿಫೋರ್ನಿಯದ ನಿವೃತ್ತ ಶಿಕ್ಷಕರ ಸಂಘದಲ್ಲಿ ಕ್ಷೇಮಪಾಲನೆಯ ಹೊಣೆ ಹೊತ್ತರು. ಕಷ್ಟದಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರನ್ನು ಹುಡುಕಿಕೊಂಡು ಹೋದರೆ, ಆಕೆ ಬದುಕುತ್ತಿದ್ದದ್ದು ಕೋಳಿಗೂಡಿನಲ್ಲಂತೆ! ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವರು. ಎದೆ ಹಿಂಡುವ ಮಾತಿದು.

ಯಾವುದೇ ಸಂಘದ ಪ್ರಾಂತೀಯ ಪದಾಧಿಕಾರಿಯ ನಿಜವಾದ ಕೆಲಸ ಇದೇ ಎಂದು ನಾನು ನಂಬಿದ್ದೇನೆ: ಸಭೆಗೆ ಬಂದವರನ್ನು ಎಣಿಸುವುದಲ್ಲ, ಬಾರದವರ ಮನೆಗೆ ಹೋಗುವುದು. ದೂರದ ಕೇಂದ್ರ ಕಚೇರಿಗೆ ಆ ಬಾಗಿಲು ಕಾಣುವುದಿಲ್ಲ.

ಆಂಡ್ರಸ್ 1947ರಲ್ಲಿ ನಿವೃತ್ತ ಶಿಕ್ಷಕರ ರಾಷ್ಟ್ರೀಯ ಸಂಘ ಕಟ್ಟಿದರು. ವಯಸ್ಸಾದವರಿಗೆ ಆರೋಗ್ಯವಿಮೆ ಕೊಡಲು ಕಂಪನಿಗಳು ಹಿಂಜರಿಯುತ್ತಿದ್ದ ಕಾಲದಲ್ಲಿ ಪಟ್ಟುಬಿಡದೆ ಓಡಾಡಿ, 1956ರಲ್ಲಿ ಸದಸ್ಯರಿಗೆ ಗುಂಪುವಿಮೆ ದೊರಕಿಸಿದರು. ಶಿಕ್ಷಕರಲ್ಲದವರೂ ಅಂಥ ವಿಮೆ ನಮಗೂ ಬೇಕೆಂದರು. 1958ರಲ್ಲಿ ಎಲ್ಲ ನಿವೃತ್ತರಿಗೂ ತೆರೆದ ಸಂಘ ಹುಟ್ಟಿತು.