ಶೋ ಪುಕ್ಕಟೆ, ಪಕ್ಕದವರ ಸಂಜೆ ಪುಕ್ಕಟೆಯಲ್ಲ



ಇವತ್ತು ಸರ್ಕಾರದ ಬಗ್ಗೆ ಮಾತಿಲ್ಲ, ವಿರೋಧ ಪಕ್ಷದ ಬಗ್ಗೆಯೂ ಇಲ್ಲ. ಇವತ್ತಿನ ಮಾತು ನಮ್ಮ ಬಗ್ಗೆ. "ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ" ಅಂತ ಬ್ಯಾನರ್ ಕಟ್ಟಿ ಸಿನಿಮಾ ತೋರಿಸ್ತಾರಲ್ಲ, ಅಲ್ಲಿಗೆ ಹೋದಾಗ ನಾವು ಹೇಗೆ ನಡೆದುಕೊಳ್ತೀವಿ ಅನ್ನೋದರ ಬಗ್ಗೆ. ಇದೂ ಒಂದು ವಿಷಯವಾ ಅಂತ ನೀವು ಕೇಳಬಹುದು. ಸ್ವಲ್ಪ ಹೊತ್ತು ಕೇಳಿ, ಆಮೇಲೆ ಹೇಳಿ.

ನಾನಿರೋದು ಕತ್ರಿಗುಪ್ಪೆಯಲ್ಲಿ. ಥಿಯೇಟರ್ ಒಂದರ ಹೆಸರೇ ಬಸ್ ಸ್ಟಾಪಿಗೆ ಅಂಟಿಕೊಂಡಿರೋ ಕಡೆ ಇದು. ಕಂಡಕ್ಟರ್ 'ಕಾಮಾಕ್ಯ' ಅಂತ ಕೂಗಿದರೆ ಇಳಿಯೋರು ಇಳೀತಾರೆ. ಇಲ್ಲಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಬನಶಂಕರಿ ಎರಡನೇ ಹಂತ. ಅಲ್ಲಿ ಸುಚಿತ್ರ ಇದೆ. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ. ಅದರ ಹಿಂದಿನ ವರ್ಷವಷ್ಟೇ 'ಸಂಸ್ಕಾರ' ಬಂದು, ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಸಲ ತಂದುಕೊಟ್ಟಿತ್ತು. ಒಳ್ಳೆಯ ಸಿನಿಮಾ ಮಾಡೋರು ಹುಟ್ಟಿಕೊಂಡ ಹೊತ್ತಲ್ಲೇ, ನೋಡೋರನ್ನು ತಯಾರು ಮಾಡೋರೂ ಹುಟ್ಟಿಕೊಂಡರು.

ಫಿಲ್ಮ್ ಸೊಸೈಟಿ ಅಂದರೆ ಏನು? ಟಿಕೆಟ್ ಮಾರೋ ವ್ಯಾಪಾರ ಅಲ್ಲ ಅದು. ಸದಸ್ಯರು ವರ್ಷಕ್ಕಿಷ್ಟು ಅಂತ ಹಣ ಹಾಕಿ, ರಾಯಭಾರ ಕಚೇರಿಗಳಿಂದ, ಪುಣೆಯ ಫಿಲ್ಮ್ ಆರ್ಕೈವ್‌ನಿಂದ ರೀಲಿನ ಡಬ್ಬ ತರಿಸಿ, ಕೂಡಿ ನೋಡಿ, ಕೂಡಿ ಚರ್ಚೆ ಮಾಡೋ ಪದ್ಧತಿ. 1947ರಲ್ಲಿ ಸತ್ಯಜಿತ್ ರಾಯ್ ಗೆಳೆಯರನ್ನು ಕಟ್ಟಿಕೊಂಡು ಕಲ್ಕತ್ತಾ ಫಿಲ್ಮ್ ಸೊಸೈಟಿ ಶುರು ಮಾಡಿದಾಗ, ಅವರು ಇನ್ನೂ ಒಂದು ಸಿನಿಮಾನೂ ಮಾಡಿರಲಿಲ್ಲ. 'ಪಥೇರ್ ಪಾಂಚಾಲಿ' ಬಂದಿದ್ದು 1955ರಲ್ಲಿ. ಮೊದಲು ಪ್ರೇಕ್ಷಕ, ಆಮೇಲೆ ನಿರ್ದೇಶಕ. ಪ್ರೇಕ್ಷಕನ ಕುರ್ಚಿ ಅಂದರೆ ಅಂಥ ಕುರ್ಚಿ.

ಈಗ ಆ ಕುರ್ಚಿಯಲ್ಲಿ ಏನಾಗ್ತಿದೆ ನೋಡಿ. ಯಾವುದೋ ಒಂದು ಸಂಸ್ಥೆ ಅಂತಲ್ಲ, ಬಡಾವಣೆಯ ಸಭಾಂಗಣ, ಕಾಲೇಜಿನ ಹಾಲು, ಪ್ರಿವ್ಯೂ ಥಿಯೇಟರು, ಎಲ್ಲ ಕಡೆ ನಾನು ಕಂಡಿದ್ದು ಇದೇ. ಆರೂವರೆಗೆ ಶೋ. ಆರಕ್ಕೆ ಒಬ್ಬರು ಬರ್ತಾರೆ. ಬಂದೋರು ಒಂದು ಕುರ್ಚಿಯಲ್ಲಿ ತಾವು ಕೂತು, ಪಕ್ಕದ ಐದು ಕುರ್ಚಿಗೆ ಕರವಸ್ತ್ರ, ಬ್ಯಾಗು, ನೀರಿನ ಬಾಟಲಿ, ಛತ್ರಿ, ಪಾಂಪ್ಲೆಟ್ ಇಡ್ತಾರೆ. ಮೆಜೆಸ್ಟಿಕ್ಕಿನಲ್ಲಿ ಹಬ್ಬದ ಹಿಂದಿನ ದಿನ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೀತಾರಲ್ಲ, ಅದೇ ಲೆಕ್ಕ. "ಬರ್ತಿದಾರೆ ಸಾರ್, ಸಿಗ್ನಲ್ ಹತ್ರ ಇದಾರೆ." ಎಪ್ಪತ್ತು ದಾಟಿದ ಅಜ್ಜಿ ಗೋಡೆಗೆ ಒರಗಿ ನಿಂತಿರ್ತಾರೆ, ಛತ್ರಿ ಮಾತ್ರ ಆರಾಮಾಗಿ ಕೂತಿರುತ್ತೆ. ಬಿಟ್ಟಿ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ಸಿನಿಮಾ ಶುರುವಾಯ್ತು. ದೀಪ ಆರಿತು. ಆಗ ಸಿಗ್ನಲ್ ಹತ್ರ ಇದ್ದೋರು ಬರ್ತಾರೆ. ಮೊಬೈಲ್ ಟಾರ್ಚ್ ಹಾಕಿಕೊಂಡು, ಎಲ್ಲರ ಮುಖದ ಮೇಲೆ ಬೆಳಕು ಬಿಟ್ಟು, ಎಲ್ಲರ ಕಾಲು ತುಳಿದು. ಕೂತ ಮೇಲೆ, "ಎಷ್ಟು ಹೊತ್ತಾಯ್ತು? ಇವನ್ಯಾರು? ಅವಳು ಇವನ ಹೆಂಡ್ತಿನಾ?" ಹಿಂದಿನ ಸಾಲಿನಲ್ಲಿ ಒಬ್ಬರ ಫೋನು. ಎತ್ತಿ ಮೆಲ್ಲಗೆ ಹೇಳ್ತಾರೆ, "ಸಿನಿಮಾದಲ್ಲಿದೀನಿ ಕಣೋ, ಆಮೇಲೆ ಮಾಡ್ತೀನಿ." ಅಲ್ಲಿಗೆ ನಿಲ್ಲುತ್ತಾ? ಇಲ್ಲ. "ಯಾವ್ದು ಅಂದ್ರಾ? ಯಾವ್ದೋ ಅವಾರ್ಡ್ ಪಿಕ್ಚರು. ಫ್ರೀ." ಆ 'ಫ್ರೀ' ಅನ್ನೋ ಪದ ಇಡೀ ಹಾಲಿಗೆ ಕೇಳಿಸುತ್ತೆ.

ಇನ್ನೊಬ್ಬರು ತೆರೆಯನ್ನೇ ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಾರೆ. ಇದು ಬರೀ ಕಿರಿಕಿರಿಯಲ್ಲ ವೀಕ್ಷಕರೇ. ಪರವಾನಗಿ ಇರುವ ಚಿತ್ರಮಂದಿರದಲ್ಲಿ ನಕಲು ಮಾಡುವ ಉದ್ದೇಶದಿಂದ ರೆಕಾರ್ಡ್ ಮಾಡಿದರೆ, 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳು ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಸಭಾಂಗಣದಲ್ಲಿ ಆ ಕಾಯ್ದೆ ನಿಮ್ಮನ್ನು ಹಿಡಿಯದೆ ಇರಬಹುದು. ಆದರೆ ನಂಬಿ ಸಿನಿಮಾ ಕೊಟ್ಟ ನಿರ್ಮಾಪಕನ ಹೊಟ್ಟೆಗೆ ಬೀಳೋ ಪೆಟ್ಟು ಎರಡೂ ಕಡೆ ಒಂದೇ.

ಈಗ ಒಂದು ಪ್ರಶ್ನೆ. ದುಡ್ಡು ಕೊಟ್ಟು ಹೋದ ಕಡೆ ತೊಂದರೆಯಾದರೆ ಏನು ಮಾಡಬಹುದು? ಬೆಂಗಳೂರಿನದ್ದೇ ಒಂದು ಕೇಸು ಹೇಳ್ತೀನಿ. 2023ರ ಡಿಸೆಂಬರಿನಲ್ಲಿ ಒಬ್ಬರು 'ಸ್ಯಾಮ್ ಬಹದ್ದೂರ್' ನೋಡೋಕೆ ಮಲ್ಟಿಪ್ಲೆಕ್ಸ್‌ಗೆ ಹೋದರು. ಶೋ 4.05ಕ್ಕೆ ಅಂತ ಟಿಕೆಟ್ಟಿನಲ್ಲಿತ್ತು. ಜಾಹೀರಾತು ಮುಗಿದು ಸಿನಿಮಾ ಶುರುವಾಗಿದ್ದು 4.30ಕ್ಕೆ. 25 ನಿಮಿಷ. ಅವರು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರು. 2025ರ ಫೆಬ್ರವರಿಯಲ್ಲಿ ಆಯೋಗ, ಪ್ರೇಕ್ಷಕನ ಸಮಯಕ್ಕೂ ಬೆಲೆ ಇದೆ ಅಂತ ಒಪ್ಪಿ ಪರಿಹಾರ ಕೊಡಿಸಿತು, 1 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಮುಂದಿನ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದಿರಲಿ. ದುಡ್ಡು ಕೊಟ್ಟವನಿಗೆ ದೂರು ಕೊಡೋಕೆ ಒಂದು ಬಾಗಿಲಾದರೂ ಇದೆ. ಪುಕ್ಕಟೆ ಶೋನಲ್ಲಿ ನಿಮ್ಮ ಎರಡು ಗಂಟೆ ಹಾಳಾದರೆ ಯಾವ ಆಯೋಗಕ್ಕೆ ಹೋಗ್ತೀರಿ? ಅಲ್ಲಿ ಕಾನೂನು ಅಂತ ಇರೋದು ಒಂದೇ, ಪಕ್ಕದಲ್ಲಿ ಕೂತವರ ಮರ್ಯಾದೆ.

ಹಾಗಂತ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು ಅಂತ ನಾನು ಹೇಳೋಲ್ಲ. ನಮ್ಮದು ಟೆಂಟ್ ಸಿನಿಮಾ ನೋಡಿ ಬೆಳೆದ ನಾಡು. ಘಂಟಸಾಲ ಅವರ 'ನಮೋ ವೆಂಕಟೇಶ' ಮೈಕಿನಲ್ಲಿ ಬಂದರೆ ಊಟ ಬಿಟ್ಟು ಓಡಿದ ಜನ ನಾವು. ನೆಲದ ಟಿಕೆಟ್ ತಗೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು, ಅಣ್ಣಾವ್ರು ತೆರೆಗೆ ಬಂದಾಗ ಸೀಟಿ ಹೊಡೆದು ಚಿಲ್ಲರೆ ಎಸೆದ ಜನ. ಗಣೇಶನ ಹಬ್ಬದಲ್ಲಿ ಬೀದಿಗೆ ಬಿಳಿ ಪರದೆ ಕಟ್ಟಿದರೆ, ಹಿಂಭಾಗದಲ್ಲಿ ಕೂತು ಅಕ್ಷರವೆಲ್ಲ ಉಲ್ಟಾ ಕಂಡರೂ ಖುಷಿಯಾಗಿ ನೋಡಿದ ಜನ. ಅದು ಗಲಾಟೆಯಾ? ಅಲ್ಲ. ಆ ಸೀಟಿ ಸಿನಿಮಾಗೇ ಸಿಕ್ಕ ಉತ್ತರ. ಅಲ್ಲಿ ಕೂಗಿದವನ ಕಣ್ಣು ತೆರೆ ಮೇಲಿತ್ತು. ಇವತ್ತಿನ ಗಲಾಟೆಯಲ್ಲಿ ಕಣ್ಣು ಫೋನಿನ ಮೇಲಿದೆ. ವ್ಯತ್ಯಾಸ ಇರೋದು ಇಲ್ಲಿ.

ಸಿನಿಮಾ ಯಾವುದು ಅನ್ನೋದೂ ಮುಖ್ಯ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' 1977ರದ್ದು. ಅದನ್ನು ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಣ್ಣ ಹುಡುಗನೊಬ್ಬ, ವಿಧವೆ ಹೆಣ್ಣುಮಗಳೊಬ್ಬಳು, ಅವಳನ್ನು ಬದುಕಿರುವಾಗಲೇ ಹೊರಗೆ ಹಾಕೋ ಊರು. ಅಂಥ ಚಿತ್ರದಲ್ಲಿ ಮಾತಿಲ್ಲದ ಹೊತ್ತೇ ದೊಡ್ಡ ಮಾತು. ಅಲ್ಲಿ ಚಿಪ್ಸ್ ಪ್ಯಾಕೆಟ್ ಪರಪರ ಅಂದರೆ ಒಂದು ಸೀನು ಸತ್ತುಹೋಗುತ್ತೆ.

ಕೆಲವರಿಗೆ ನಾವು ರಿಯಾಯಿತಿ ಕೊಡಲೇಬೇಕು. ಕಿವಿ ಮಂದವಾದ ತಾತ "ಏನಂದ?" ಅಂತ ಕೇಳಿದರೆ ತಿರುಗಿ ಗುರಾಯಿಸಬೇಡಿ. ಕೂಸು ಎತ್ತಿಕೊಂಡು ಬಂದ ತಾಯಿಗೆ ಬಾಗಿಲ ಪಕ್ಕದ ಸೀಟು ಬಿಟ್ಟುಕೊಡಿ, ಅತ್ತಾಗ ಹೊರಗೆ ಹೋಗಿ ಬರಲಿ. ವರ್ಷಕ್ಕೊಮ್ಮೆ ಅವಳಿಗೆ ಸಿಗೋ ಸಿನಿಮಾ ಅದೇ ಇರಬಹುದು.

ಇನ್ನು ಆಯೋಜಕರಿಗೂ ಎರಡು ಮಾತು. ಆರೂವರೆ ಅಂತ ಕರೆದು, ಅತಿಥಿಗಳು ಬಂದಿಲ್ಲ ಅಂತ ಏಳೂಕಾಲಿನವರೆಗೆ ಕೂರಿಸೋದು ಯಾವ ನ್ಯಾಯ? ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. "ನಾನು ಹೆಚ್ಚು ಮಾತಾಡೋಲ್ಲ" ಅಂದವರೇ ಅರ್ಧ ಗಂಟೆ ಮಾತು. ಸಿನಿಮಾ ಶುರುವಾಗೋದು ಎಂಟಕ್ಕೆ. ಲಾಸ್ಟ್ ಬಸ್ಸಿನ ಚಿಂತೆಯಲ್ಲಿರೋ ಜನ ನಡುವೆ ಎದ್ದು ಹೋದರೆ ತಪ್ಪು ಯಾರದು? ಮುಂದಿನ ಎರಡು ಸಾಲಿಗೆ 'ಗಣ್ಯರು' ಅಂತ ಚೀಟಿ ಅಂಟಿಸಿ, ಆ ಗಣ್ಯರು ದೀಪ ಹಚ್ಚಿ ಫೋಟೋ ತೆಗೆಸಿಕೊಂಡು ಹೋದ ಮೇಲೆ ಆ ಸಾಲು ಖಾಲಿ ಬಿಡೋದು ಯಾಕೆ? ಕರವಸ್ತ್ರ ಹಾಕಿದವರನ್ನು ಬೈತೀವಲ್ಲ, ಇದು ಅದಕ್ಕಿಂತ ದೊಡ್ಡ ಕರವಸ್ತ್ರ.

ಇನ್ನೊಂದು ಹೊಸ ರೋಗ. ಉಚಿತ ಅಂದ ತಕ್ಷಣ ಮೊಬೈಲಿನಲ್ಲೇ ನಾಲ್ಕು ಹೆಸರು ನೋಂದಾಯಿಸೋದು, ಆ ದಿನ ಮಳೆ ಬಂದರೆ ಮನೆಯಲ್ಲೇ ಕೂರೋದು. ನೋಂದಣಿ ಭರ್ತಿ ಅಂತ ನಿಜವಾಗಿ ಆಸೆಯಿದ್ದ ಹುಡುಗ ವಾಪಸ್ ಹೋಗ್ತಾನೆ, ಒಳಗೆ ಅರ್ಧ ಹಾಲು ಖಾಲಿ ಇರುತ್ತೆ.

ಇದರಿಂದ ಹೋಗೋದೇನು ಅಂತ ಕೇಳ್ತೀರಾ? ಹೇಳ್ತೀನಿ. ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದ ಸರ್ಕಾರದ ನಿಯಮಕ್ಕೆ 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆ 200ರ ಲೆಕ್ಕವನ್ನೇ ಹಿಡಿಯಿರಿ. ನಾಲ್ಕು ಜನರ ಮನೆಗೆ 800 ರೂಪಾಯಿ. ತೆರಿಗೆ ಬೇರೆ, ಪಾಪ್‌ಕಾರ್ನ್ ಬೇರೆ, ಪಾರ್ಕಿಂಗ್ ಬೇರೆ. ಪಿಂಚಣಿಯಲ್ಲಿ ಮನೆ ನಡೆಸೋ ಹಿರಿಯರು, ಪಿಜಿಯಲ್ಲಿ ಇರೋ ವಿದ್ಯಾರ್ಥಿ, ಮನೆಗೆಲಸ ಮಾಡೋ ತಾಯಿ, ಇವರಿಗೆಲ್ಲ ದೊಡ್ಡ ತೆರೆ ಅಂತ ಉಳಿದಿರೋದು ಈ ಉಚಿತ ಪ್ರದರ್ಶನಗಳೇ. ಇನ್ನೊಂದು ಕಡೆ, ಪ್ರಶಸ್ತಿ ಬಂದರೂ ಥಿಯೇಟರ್ ಸಿಗದ ಕನ್ನಡ ಚಿತ್ರಗಳಿಗೆ ಪ್ರೇಕ್ಷಕರು ಸಿಗೋದೂ ಇಲ್ಲೇ. ಬಾಡಿಗೆ, ಕರೆಂಟು, ಪ್ರೊಜೆಕ್ಟರು ಅಂತ ಯಾರೋ ಕೈಯಿಂದ ಹಾಕಿರ್ತಾರೆ. ಸಿನಿಮಾ ಮಾಡಿದೋನು ಹಿಂದೆ ನಿಂತು ನಮ್ಮ ಮುಖ ನೋಡ್ತಿರ್ತಾನೆ. ಗದ್ದಲ ನೋಡಿ ನೋಡಿ ಆಯೋಜಕರು ಏನು ಮಾಡ್ತಾರೆ? ನೂರು ರೂಪಾಯಿ ಟಿಕೆಟ್ ಇಡ್ತಾರೆ, ಇಲ್ಲಾ 'ಆಹ್ವಾನಿತರಿಗೆ ಮಾತ್ರ' ಅಂತ ಬೋರ್ಡ್ ಹಾಕ್ತಾರೆ. ಆಗ ಫೋನಿನಲ್ಲಿ 'ಫ್ರೀ' ಅಂತ ಕೂಗಿದವರಿಗೆ ನಷ್ಟವಿಲ್ಲ, ಅವರು ಮಾಲ್‌ಗೆ ಹೋಗ್ತಾರೆ. ನಷ್ಟ ಆಗೋದು ಗೋಡೆಗೆ ಒರಗಿ ನಿಂತಿದ್ದ ಆ ಅಜ್ಜಿಗೆ.

ಅದಕ್ಕೇ ನನ್ನದು ಕೆಲವೇ ಕೋರಿಕೆ. ಹತ್ತು ನಿಮಿಷ ಮುಂಚೆ ಬನ್ನಿ. ಫೋನು ಆಫ್ ಮಾಡಿ, ಸೈಲೆಂಟ್ ಸಾಲದು, ಬೆಳಕೂ ಶಬ್ದದಷ್ಟೇ ಚುಚ್ಚುತ್ತೆ. ಒಬ್ಬರಿಗೆ ಒಂದೇ ಕುರ್ಚಿ. ನೋಂದಾಯಿಸಿ ಬರಲು ಆಗದಿದ್ದರೆ ಮುಂಚಿತವಾಗಿ ರದ್ದು ಮಾಡಿ. ಸಿನಿಮಾ ಇಷ್ಟವಾಗದಿದ್ದರೆ ಸದ್ದಿಲ್ಲದೆ ಎದ್ದು ಹೋಗೋ ಹಕ್ಕು ನಿಮಗಿದೆ, ಕೂತು ಕಾಮೆಂಟರಿ ಹೇಳೋ ಹಕ್ಕಿಲ್ಲ. ಆಯೋಜಕರೇ, ಹೇಳಿದ ಹೊತ್ತಿಗೆ ದೀಪ ಆರಿಸಿ. ಸನ್ಮಾನ, ಭಾಷಣ ಎಲ್ಲ ಸಿನಿಮಾ ಮುಗಿದ ಮೇಲೆ ಇಟ್ಟುಕೊಳ್ಳಿ. ಕೇಳೋ ಮನಸ್ಸಿರೋರು ಕೂತು ಕೇಳ್ತಾರೆ.

ಪ್ರವೇಶ ಉಚಿತ ಅಂತ ಬರೆದಿರೋದು ನಿಮ್ಮ ಜೇಬಿಗೆ. ಪಕ್ಕದವರ ಸಂಜೆಗೆ ಅಲ್ಲ. ಯೋಚನೆ ಮಾಡಿ.