ಕಪ್ಪು ಅಂಗಿಯ ಮೇಲೆ ಬಿಳಿ ಬಣ್ಣ ನಿಲ್ಲುವುದು ಹೇಗೆ?

ಕಪ್ಪು ಟೀ ಶರ್ಟಿನ ಎದೆಯ ಮೇಲೆ ಹಳದಿ ಹುಲಿಯೊಂದು ಹೊಳೆಯುವುದನ್ನು ನೀವು ನೋಡಿರಬಹುದು. ಅದನ್ನು ಮೂಡಿಸುವ ಒಂದು ಯಂತ್ರ ಇಂಕ್‌ಜೆಟ್ ಪ್ರಿಂಟರಿನ ಜಾತಿಯದೇ. ಕಾಗದದ ಬದಲು ಅದರಲ್ಲಿ ಅಂಗಿಯನ್ನೇ ಹಾಸುತ್ತಾರೆ. ಈ ಕೆಲಸಕ್ಕೆ ಡಿಟಿಜಿ ಪ್ರಿಂಟಿಂಗ್ ಎಂದು ಹೆಸರು. ಆದರೆ ಕಪ್ಪು ಅಂಗಿಯನ್ನು ಇದ್ದ ಹಾಗೇ ಹಾಸಿದರೆ ಹುಲಿ ಮೂಡುವುದಿಲ್ಲ, ಮಸುಕಾದ ಕಲೆಯೊಂದು ಕಾಣುತ್ತದೆ ಅಷ್ಟೆ.

ಪ್ರಿಂಟರಿನ ಬಣ್ಣದ ಶಾಯಿಗಳ ಮೂಲಕ ಬೆಳಕು ಹಾದುಹೋಗುತ್ತದೆ. ಹಳದಿ ಶಾಯಿಯನ್ನು ದಾಟಿದ ಬೆಳಕು ಕೆಳಗಿನ ಬಿಳಿ ಕಾಗದಕ್ಕೆ ತಾಗಿ ಮರಳಿ ಬಂದರೆ ತಾನೇ ನಮಗೆ ಹಳದಿ ಕಾಣುವುದು? ಕಪ್ಪು ಬಟ್ಟೆ ಬೆಳಕನ್ನು ನುಂಗಿಬಿಡುತ್ತದೆ. ಆದ್ದರಿಂದ ಹುಲಿಗಿಂತ ಮೊದಲು ಅದರ ಅಡಿಗೆ ಬಿಳಿಯ ಪದರವೊಂದನ್ನು ಹಾಕಬೇಕು.

ತೊಡಕು ಇರುವುದು ಈ ಬಿಳಿ ಶಾಯಿಯಲ್ಲೇ. ಅದರ ಬಿಳುಪು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯಿಂದ ಬರುತ್ತದೆ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಇರುವುದು ಇದೇ. ಒಂದೊಂದು ಕಣವೂ ಮಿಲಿಮೀಟರಿನ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣದು. ಆದರೂ ಈ ವಸ್ತು ನೀರಿಗಿಂತ ನಾಲ್ಕು ಪಟ್ಟು ಭಾರ. ಹಾಗಾಗಿ ಬಿಳಿ ಶಾಯಿಯನ್ನು ಆಗಾಗ ಅಲುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಪುಡಿ ತಳ ಸೇರುತ್ತದೆ. ಪ್ರಿಂಟರಿನ ರಂಧ್ರಗಳು ಕೂದಲೆಳೆಗಿಂತ ಕಿರಿದು. ಅವುಗಳಿಂದ ಹೊರಬರಲು ಶಾಯಿ ತೆಳ್ಳಗಿರಬೇಕು. ತೆಳ್ಳಗಿದ್ದರೆ ಹತ್ತಿಯ ನೂಲು ಅದನ್ನು ಹೀರಿಕೊಳ್ಳುತ್ತದೆ, ಬಿಳುಪೆಲ್ಲ ಬಟ್ಟೆಯ ಒಳಗಿಳಿದು ಮಾಯವಾಗುತ್ತದೆ. ಅಂದರೆ ಶಾಯಿ ರಂಧ್ರದಲ್ಲಿ ನೀರಾಗಿರಬೇಕು, ಬಟ್ಟೆ ಮುಟ್ಟಿದ ಕೂಡಲೇ ಗಟ್ಟಿಯಾಗಬೇಕು!

ಇದನ್ನು ಸಾಧಿಸಲು ಶಾಯಿಯನ್ನು ಬದಲಿಸುವುದಿಲ್ಲ, ಬಟ್ಟೆಯನ್ನೇ ಮೊದಲು ಸಿದ್ಧಗೊಳಿಸುತ್ತಾರೆ. ನನಗೆ ತುಂಬ ಹಿಡಿಸಿದ ಉಪಾಯ ಇದು. ಪ್ರೀಟ್ರೀಟ್‌ಮೆಂಟ್ ಎಂಬ ದ್ರಾವಣವನ್ನು ಅಂಗಿಯ ಮೇಲೆ ಸಮನಾಗಿ ಸಿಂಪಡಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಕ್ಯಾಲ್ಸಿಯಂ ನೈಟ್ರೇಟ್‌ನಂಥ ಲವಣವಿರುತ್ತದೆ.

ಹಾಲಿಗೆ ನಿಂಬೆರಸ ಬಿದ್ದರೆ ಒಡೆಯುತ್ತದಲ್ಲ, ಇಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಹಾಲಿನಲ್ಲಿ ತೇಲುವ ಪ್ರೋಟೀನಿನ ಕಣಗಳಿಗೆ ಋಣ ವಿದ್ಯುದಂಶವಿರುತ್ತದೆ. ಒಂದನ್ನೊಂದು ದೂರ ತಳ್ಳುತ್ತ ಅವು ಬಿಡಿಬಿಡಿಯಾಗಿ ಇರುತ್ತವೆ. ಹುಳಿ ಆ ವಿದ್ಯುದಂಶವನ್ನು ಕಳೆದುಬಿಟ್ಟರೆ ತಳ್ಳಾಟ ನಿಂತು ಕಣಗಳು ಗಂಟುಗಟ್ಟುತ್ತವೆ. ಶಾಯಿಯ ಕಣಗಳಿಗೂ ಋಣ ವಿದ್ಯುದಂಶ ಇರುವಂತೆ ನೋಡಿಕೊಂಡಿರುತ್ತಾರೆ. ಹನಿ ಅಂಗಿಯ ಮೇಲೆ ಬಿದ್ದಾಗ ಅಲ್ಲಿ ಕಾದಿರುವ ಕ್ಯಾಲ್ಸಿಯಂ ಧನ ಅಯಾನುಗಳು ಅದಕ್ಕೆ ಬೆರೆಯುತ್ತವೆ. ಕಣಗಳು ಒತ್ತಟ್ಟಿಗೆ ಸೇರಿ ಬಟ್ಟೆಯ ಮೇಲೆಯೇ ನಿಲ್ಲುತ್ತವೆ, ಕೆಳಕ್ಕೆ ಇಳಿಯುವುದು ನೀರು ಮಾತ್ರ.

ಹಾಗಾದರೆ ಅಡುಗೆ ಉಪ್ಪನ್ನೇ ಕರಗಿಸಿ ಸಿಂಪಡಿಸಬಾರದೇ? ಸಾಲದು. ಉಪ್ಪಿನ ಸೋಡಿಯಂ ಅಯಾನಿಗೆ ಒಂದೇ ಧನ ವಿದ್ಯುದಂಶ, ಕ್ಯಾಲ್ಸಿಯಂಗೆ ಎರಡು. ಎರಡಿದ್ದರೆ ಬಲ ಬರೀ ಎರಡು ಪಟ್ಟಾಗುವುದಿಲ್ಲ, ಹತ್ತಾರು ಪಟ್ಟು ಏರುತ್ತದೆ. 1882ರಲ್ಲಿ ಹಾನ್ಸ್ ಶುಲ್ಜ್, 1900ರಲ್ಲಿ ವಿಲಿಯಂ ಹಾರ್ಡಿ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ಅವರು ಪರೀಕ್ಷಿಸುತ್ತಿದ್ದದ್ದು ದ್ರವದಲ್ಲಿ ತೇಲುವ ಸಣ್ಣ ಕಣಗಳನ್ನು. ಟೀ ಶರ್ಟಿನ ಯೋಚನೆ ಅವರಿಗೆ ಇರಲು ಸಾಧ್ಯವೇ ಇರಲಿಲ್ಲ.

ಸಿಂಪಡಿಸಿದ ಅಂಗಿಯನ್ನು ಹೀಟ್ ಪ್ರೆಸ್ಸಿನಲ್ಲಿಟ್ಟು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅರ್ಧ ನಿಮಿಷದಷ್ಟು ಒತ್ತುತ್ತಾರೆ. ತೇವ ಆರುವುದರ ಜೊತೆಗೆ ನಿಮಿರಿ ನಿಂತ ಹತ್ತಿಯ ಎಳೆಗಳೂ ಮಲಗುತ್ತವೆ. ಮಲಗದ ಕಪ್ಪು ಎಳೆ ಬಿಳಿಯ ಪದರವನ್ನು ತೂರಿ ಹೊರಗೆ ಇಣುಕುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವವಿದೆ. ಕರಾವಳಿಯ ಮಳೆಗಾಲದಲ್ಲಿ ಸಿದ್ಧಮಾಡಿಟ್ಟ ಅಂಗಿ ಮತ್ತೆ ಹಸಿಯಾಗಬಹುದು. ಆಗ ಇನ್ನೊಮ್ಮೆ ಒತ್ತಿಯೇ ಅಚ್ಚಿಗೆ ಇಡಬೇಕು. ಬಿಳಿ, ಅದರ ಮೇಲೆ ಬಣ್ಣ, ಆಮೇಲೆ ಮತ್ತೆ ಬಿಸಿ. ಈ ಕೊನೆಯ ಬಿಸಿಗೆ ಶಾಯಿಯಲ್ಲಿರುವ ಅಂಟು ಪೊರೆಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ.

ಬಟ್ಟೆಯನ್ನು ಮೊದಲೇ ಸಿದ್ಧಪಡಿಸುವ ಜಾಣತನ ನಮ್ಮ ನೆರೆಯ ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಹಳ ಹಿಂದಿನಿಂದಲೂ ಇದೆ. ಅಲ್ಲಿನ ಕಲಂಕಾರಿ ಕಲಾವಿದರು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಹಾಲಿನ ಕೊಬ್ಬು ಲೇಖನಿಯ ಗೆರೆ ಹರಡದಂತೆ ತಡೆಯುತ್ತದೆ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ತೆಗೆದ ದ್ರವದಿಂದ ಗೆರೆ ಎಳೆದರೆ, ಅಳಲೆಕಾಯಿಯ ಒಗರು ಅದರ ಜೊತೆ ಕೂಡಿ ಕಡುಕಪ್ಪಾಗುತ್ತದೆ.

ನೀವೂ ಒಂದು ಪ್ರಯೋಗ ಮಾಡಿ. ಹಳೆಯ ಹತ್ತಿ ಬಟ್ಟೆಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ದಪ್ಪ ಗಂಜಿಯಲ್ಲಿ ಅದ್ದಿ ಒಣಗಿಸಿ, ಮನೆಯ ದೊಡ್ಡವರಿಂದ ಇಸ್ತ್ರಿ ಮಾಡಿಸಿ. ಎರಡರ ಮೇಲೂ ಒಂದೊಂದು ಹನಿ ಪೆನ್ನಿನ ಶಾಯಿ ಬಿಡಿ. ಗಂಜಿ ಶಾಯಿಯನ್ನು ಗಂಟುಗಟ್ಟಿಸುವುದಿಲ್ಲ, ಎಳೆಗಳ ನಡುವಿನ ಸಂದನ್ನು ತುಂಬುತ್ತದೆ. ಐದು ನಿಮಿಷ ಬಿಟ್ಟು ಎರಡೂ ಕಲೆಗಳ ಅಗಲವನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಆಮೇಲೆ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿ ಮತ್ತೊಂದು ತುಂಡಿನ ಮೇಲೆ ನೋಡಿ.